ದೊಡ್ಡಾಕಿ ಕುಂತ ದಿನ

ಗುರುಬಸವ್ವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿ ತಿಂದ ಶಾಸ್ತ್ರ ಮಾಡಿ, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು. ಎಲ್ಲಿಗೆ ಎಂದು ಓಣಿಯವರು ಮೊದಮೊದಲು ಕೇಳಿದರು. "ಮಗಳ ಕಡೆ ಹೋಗಿ ಬರ್ತೇನವ್ವಾ" ಎಂದು ಆಕೆ ಹೇಳಿದ್ದನ್ನು ಕೇಳಿ ಮುಖ ಮುಖ ನೋಡಿಕೊಂಡರು. ಆಮೇಲೆ ಕೇಳುವುದನ್ನೇ ಬಿಟ್ಟರು. ಯಾಕೆಂದರೆ ಮಗಳು ದಾನೇಶ್ವರಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಹೆತ್ತವಳಿಗೆ ತಲೆ ಕೆಟ್ಟರೆ ಯಾರು ತಾನೇ ಬುದ್ಧಿ ಹೇಳಲು ಹೋಗುತ್ತಾರೆ? ಬೆನ್ನ ಹಿಂದೆ ಅಯ್ಯೋ ಪಾಪ ಅಂದರು, ತಮ್ಮ ತಮ್ಮ ಕೆಲಸಕ್ಕೆ ಹೋದರು.

ತಲೆಯೇನೂ ಕೆಟ್ಟಿರಲಿಲ್ಲ. ಆಕೆ ಹೋಗುತ್ತಿದ್ದದ್ದು ಬನಹಟ್ಟಿ ದಾಟಿ ಜಮಖಂಡಿ ರಸ್ತೆಯ ಪಕ್ಕಕ್ಕಿದ್ದ ತಗಡಿನ ಶೆಡ್ಡಿಗೆ. ಅದು ದಾನೇಶ್ವರಿ ಕಟ್ಟಿದ ಕಾರ್ಖಾನೆ. ಒಳಗೆ ಕಾಲಿಟ್ಟ ಕೂಡಲೇ ಬಾಗಿಲ ಬಲಕ್ಕಿದ್ದ ದೊಡ್ಡ ಯಂತ್ರ ತನ್ನ ಕ್ಯಾಮೆರಾ ಕಣ್ಣನ್ನು ಈ ಕಡೆ ತಿರುಗಿಸುತ್ತಿತ್ತು.

"ಬಂದೀ ಏನ ಬೇ ಯವ್ವಾ? ಉಂಡೀ?"

"ಉಂಡೆ."

"ಸುಳ್ಳ ಹೇಳಬ್ಯಾಡ. ಅರ್ಧಾ ರೊಟ್ಟಿ ಬಿಟ್ಟ ಓಡಿ ಬಂದಿರ್ತಿ. ನಿನ್ನ ಹೊಟ್ಟಿ ನಿನಗ ಬ್ಯಾಡಾಗೇತಿ ನೋಡು."

ದನಿ ಮಗಳದಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂತು ಹೋಯಿತು ಎಂದು ಮೈಕು ಸಾರುತ್ತದಲ್ಲ, ಅಂಥ ಸಪ್ಪೆ ದನಿ. ಮಾತು ಮಾತ್ರ ಮಗಳದೇ. ಗದರುವ ರೀತಿ ಮಗಳದು, "ನೋಡು" ಎಂದು ಕೊನೆಗೆ ಒಂದು ಸೇರಿಸುವ ಚಾಳಿ ಮಗಳದು. ಗುರುಬಸವ್ವ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅದರ ಮುಂದೆ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡು, ಓಣಿಯ ಸುದ್ದಿಯೆಲ್ಲ ಹೇಳಲು ಶುರು ಮಾಡುತ್ತಿದ್ದಳು.

ಈ ಯಂತ್ರದ ಹೆಸರು ದೊಡ್ಡಾಕಿ. ಹೆಸರಿಟ್ಟವಳೂ ದಾನೇಶ್ವರಿಯೇ. ರಬಕವಿ ಬನಹಟ್ಟಿಯ ಮಗ್ಗಗಳಿಗೆ, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ, ಬೆಲ್ಲದ ಗಾಣಗಳಿಗೆ ಬೇಕಾದ ಬಿಡಿಭಾಗಗಳನ್ನು ಅದು ಮಾಡುತ್ತಿತ್ತು. ಗುಂಡಿ ಒತ್ತುವುದಿಲ್ಲ, ನಕ್ಷೆ ಬರೆಯುವುದಿಲ್ಲ. ಎದುರು ನಿಂತು ಬಾಯಿಮಾತಿನಲ್ಲಿ ಹೇಳಿದರೆ ಸಾಕು. "ರಬಕವಿ ಮಗ್ಗದ ಹಲ್ಲಿನ ಗಾಲಿ ಮುರದೈತಿ, ಇಂಥಾದ್ದ ಬೇಕು" ಎಂದರೆ, ದೊಡ್ಡಾಕಿ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿತ್ತು: "ಉಕ್ಕು ಐತಿ. ಭಟ್ಟಿ ಆರೇತಿ. ಮೊದಲ ಭಟ್ಟಿ ಕಾಸ್ತೀನಿ, ಅಷ್ಟರಾಗ ಅಚ್ಚು ಮಾಡ್ಕೋತೀನಿ." ಅದು ಯೋಚಿಸುವುದೇ ಮಾತಿನಲ್ಲಿ. ಆ ಯೋಚನೆಯನ್ನು ಗಟ್ಟಿಯಾಗಿ ಆಡಬೇಕೆಂದು ದಾನೇಶ್ವರಿ ಕಟ್ಟಪ್ಪಣೆ ಮಾಡಿದ್ದಳು. ಮನಸ್ಸಿನಲ್ಲೇ ಲೆಕ್ಕ ಹಾಕುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಕೆಲಸ ಹೆಚ್ಚಾಗಿ ಕೈ ಸಾಲದೆ ಹೋದಾಗ ದೊಡ್ಡಾಕಿ ತನ್ನಂಥದೇ ಇನ್ನೊಂದನ್ನು ಮಾಡುತ್ತಿತ್ತು. ಗುಜರಿ ಕಬ್ಬಿಣ ಕರಗಿಸಿ, ಎರಕ ಹೊಯ್ದು, ತಿರುಪು ಬಿಗಿದು, ತಂತಿ ಎಳೆದು, ತನ್ನ ಕೈಯಿಂದಲೇ ತನ್ನಂಥ ಕೈ ಮಾಡಿ ನಿಲ್ಲಿಸುತ್ತಿತ್ತು. ಅವಕ್ಕೆ ಮರಿಗಳು ಎಂದು ಹೆಸರು. ಮರಿಗಳೂ ಮರಿ ಮಾಡುತ್ತಿದ್ದವು. ಇದನ್ನೆಲ್ಲ ಮೊದಲ ಸಲ ನೋಡಿದ ದಿನ ಗುರುಬಸವ್ವ ಬಾಯಿ ಮೇಲೆ ಕೈ ಇಟ್ಟುಕೊಂಡು, "ಬಾಣಂತಿಗೆ ಏನ ತಿನಸ್ತಿಯವಾ?" ಎಂದು ಕೇಳಿದ್ದಳು. ದಾನೇಶ್ವರಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದಳು.

ಒಂದೇ ಒಂದು ವಸ್ತು ಮಾತ್ರ ಶೆಡ್ಡಿನಲ್ಲಿ ಹುಟ್ಟುತ್ತಿರಲಿಲ್ಲ. ಅದು ತಲೆಯೊಳಗಿನ ಬೋರ್ಡು. ಯೋಚನೆ, ನೆನಪು, ಮಾತು ಎಲ್ಲ ಇರುವುದು ಅದರಲ್ಲೇ. ಅದು ಪುಣೆಯಿಂದ ಪಾರ್ಸಲ್ಲಿನಲ್ಲಿ ಬರಬೇಕು. ಬೋರ್ಡು ಬಂದ ಮೇಲೆ ಹಳೆಯದು ಹೊಸದಕ್ಕೆ ಕೆಲಸ ಕಲಿಸುತ್ತಿತ್ತು. ಕಲಿಸುವುದು ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ. ಹಾಗಾಗಿ ಮರಿಗಳು ಮಾತಾಡುತ್ತಿದ್ದವು, ಆದರೆ ಗುರುಬಸವ್ವನನ್ನು ಕಂಡರೆ "ಏನ ಮಾಡಬೇಕ್ರಿ?" ಎಂಬುದಕ್ಕಿಂತ ಹೆಚ್ಚೇನೂ ಅವುಗಳ ಬಾಯಿಂದ ಬರುತ್ತಿರಲಿಲ್ಲ. ಉಂಡೆಯಾ ಎಂದು ಕೇಳುವುದು ದೊಡ್ಡಾಕಿಯೊಂದೇ.

ಅದಕ್ಕೆ ಕಾರಣವಿತ್ತು. ಶೆಡ್ಡಿನಲ್ಲಿ ದೊಡ್ಡಾಕಿ ಒಂದೇ ಇದ್ದ ಕಾಲದಲ್ಲಿ ದಾನೇಶ್ವರಿ ಬೆಳಗಿನಿಂದ ಸಂಜೆಯವರೆಗೆ ಅದರ ಜೊತೆ ಮಾತಾಡುತ್ತಲೇ ಅದಕ್ಕೆ ಈ ಕಡೆಯ ಕನ್ನಡ ಕಲಿಸಿದ್ದಳು. ಪುಸ್ತಕದ ಕನ್ನಡ ಅದಕ್ಕೆ ಬರುತ್ತಿತ್ತು, ಆದರೆ ಬನಹಟ್ಟಿಯ ನೇಕಾರ ಬಂದು ಮಾತಾಡಿದರೆ ತಬ್ಬಿಬ್ಬಾಗುತ್ತಿತ್ತು. ಅದಕ್ಕೇ ಅವಳು ಬಾಯಿಗೆ ಬಂದದ್ದೆಲ್ಲ ಅದಕ್ಕೆ ಹೇಳಿದಳು. ಕೆಲಸದ ಮಾತು, ಸಿಟ್ಟಿನ ಮಾತು, ಊಟ ಮಾಡುತ್ತ ಆಡಿದ ಹರಟೆ, ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು. ಅವಳು ಹೋದ ಮೇಲೆ ಅವೆಲ್ಲ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಒಂದು ದಿನ ಗುರುಬಸವ್ವ ಪುಂಡಿಪಲ್ಯದ ಸುದ್ದಿ ತೆಗೆದಾಗ ದೊಡ್ಡಾಕಿ ಅಂದಿತ್ತು: "ಸಾಲಿಗಿ ಹೋಗುವಾಗ ಡಬ್ಬಿಯಾಗಿನ ಪಲ್ಯ ಗೆಳತ್ಯಾರಿಗಿ ಕೊಟ್ಟ, ನಾ ತಿಂದೆ ಅಂತಿದ್ದೆ. ಅವ್ವಗ ಇನ್ನೂ ಗೊತ್ತಿಲ್ಲ." ಗುರುಬಸವ್ವ ನಕ್ಕಳು, ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಅತ್ತಳು. ಇನ್ನೊಂದು ದಿನ ತಾನೇ ತಾನಾಗಿ, "ಅಪ್ಪ ಸತ್ತಾಗ ಅವ್ವ ನನ್ನ ಮುಂದ ಅಳಲಿಲ್ಲ. ನಾನೂ ಆಕಿ ಮುಂದ ಅಳಲಿಲ್ಲ. ಇಬ್ಬರೂ ಶಾಣ್ಯಾರು" ಎಂದಿತ್ತು.

ಮಗಳು ಸತ್ತ ಮೇಲೆ ಮಗಳ ಹೊಸ ಮಾತು ಕಿವಿಗೆ ಬೀಳುವ ಜಾಗ ಲೋಕದಲ್ಲಿ ಇದೊಂದೇ. ಆಕೆ ಬರುತ್ತಿದ್ದದ್ದು ಅದಕ್ಕೆ. ನೀವು ಹುಚ್ಚಿ ಅನ್ನಿ, ಏನಾದರೂ ಅನ್ನಿ, ನಾನಂತೂ ಅನ್ನಲಾರೆ.

ದಾನೇಶ್ವರಿ ಹೋದದ್ದು ಹಿಂದಿನ ವರ್ಷದ ಖಂಡೇನವಮಿಯಂದು. ನೇಯುವವರ ಮನೆಗಳಲ್ಲಿ ಆ ದಿನ ಮಗ್ಗ ಆಡುವುದಿಲ್ಲ. ಲಾಳಿ, ಕತ್ತರಿ, ಸುತ್ತಿಗೆ, ಪಾನಾ ಎಲ್ಲವನ್ನೂ ತೊಳೆದು ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಕೂರಿಸುತ್ತಾರೆ. ವರ್ಷವಿಡೀ ದುಡಿದ ಸಾಮಾನಿಗೆ ಅದೊಂದು ದಿನ ಸೂಟಿ. ಅವನ್ನು ಮುಟ್ಟಿ ಕೆಲಸ ಮಾಡಿದರೆ ಕೆಡುಕು ಎಂದು ಗುರುಬಸವ್ವನ ಅತ್ತೆ ಹೇಳುತ್ತಿದ್ದಳು, ಗುರುಬಸವ್ವ ಮಗಳಿಗೆ ಹೇಳಿದ್ದಳು. ಮಗಳು ಕೇಳಬೇಕಲ್ಲ? "ಗಾಣದಾವರು ಕಾಯಾಕತ್ತಾರ ಬೇ, ಈ ಗಾಲಿ ಇಷ್ಟ ಕೊಟ್ಟ ಬಂದಬಿಡ್ತೀನಿ. ಹೋಳಗಿ ಆರೂದ್ರೊಳಗ ಬರ್ತೀನಿ" ಎಂದು ಬೈಕು ಹತ್ತಿ ಹೋದಳು. ಸಂಜೆ ಲೋಕಾಪುರದ ದಾರಿಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಬೈಕು ಹೊಡೆಯಿತು.

ದವಾಖಾನೆಯಿಂದ ಹೆಣ ಬಿಳಿ ಬಟ್ಟೆಯಲ್ಲಿ ಬಂತು. ಮೈ ತೊಳೆಯುವಾಗ ಎದೆಯಿಂದ ಹೊಟ್ಟೆಯ ತನಕ ಹಾಕಿದ ಹೊಲಿಗೆ ಗುರುಬಸವ್ವನ ಕಣ್ಣಿಗೆ ಬಿತ್ತು. ನೇಯ್ಗೆಯ ಮನೆಯ ಹೆಂಗಸು. ಗೋಣಿಚೀಲ ಹೊಲಿದ ಹಾಗೆ ಹೊಲಿದಿದ್ದರು. ಸತ್ತದ್ದನ್ನು ಹೇಗೋ ಸಹಿಸಿದಳು, ಆ ಹೊಲಿಗೆಯನ್ನು ಸಹಿಸಲಾರದೆ ಹೋದಳು.

ಆದ್ದರಿಂದ ಪ್ರೇಮಕುಮಾರ ಬಂದು ದೊಡ್ಡಾಕಿಯನ್ನು ಬಿಚ್ಚುವ ಮಾತೆತ್ತಿದಾಗ ಆಕೆ ಹೌಹಾರಿದಳು. ಪ್ರೇಮಕುಮಾರ ಬೀಳಗಿಯವನು, ದಾನೇಶ್ವರಿಯ ಜೊತೆ ಡಿಪ್ಲೊಮಾ ಓದಿದವನು, ಕಾರ್ಖಾನೆಯಲ್ಲಿ ಪಾಲುದಾರ. ಅವಳು ಹೋದ ಮೇಲೆ ಎಲ್ಲ ಅವನ ತಲೆಯ ಮೇಲೆ ಬಿದ್ದಿತ್ತು. ಒಳ್ಳೆಯ ಹುಡುಗನೇ.

"ಕಾಕೂ, ದಾನೇಶ್ವರಿ ಮಾತೆಲ್ಲಾ ಆ ಒಂದ ಬೋರ್ಡಿನ್ಯಾಗ ಅದಾವ. ಬ್ಯಾರೆ ಎಲ್ಲೂ ಇಲ್ಲ. ಹೊರಗ ಕಳಸಾಕ ಆಕಿ ಒಪ್ಪಲಿಲ್ಲ. ನಾಳಿಗಿ ಅದಕ ಏನರ ಆದ್ರ ಏನ ಮಾಡೂದು? ಹುಬ್ಬಳ್ಳಿಯಿಂದ ಬೋರ್ಡ ರಿಪೇರಿ ಮಾಡೂ ಸ್ನೇಹಾನ ಕರಸ್ತೀನಿ. ಬೋರ್ಡ ತಗದು ಒಂದ ನಕಲ ಮಾಡಿ ಇಡ್ತಾಳ."

"ತಗದು ಅಂದ್ರ? ಬಿಚ್ಚಿ?"

"ಬಿಚ್ಚಬೇಕಾಗ್ತೈತ್ರಿ. ಒಂದೀಟ."

"ಬ್ಯಾಡ ತಮ್ಮಾ," ಎಂದಳು ಗುರುಬಸವ್ವ. "ಒಮ್ಮಿ ಕೊಯ್ದದ್ದ ಸಾಕು."

ಅವನು ಮತ್ತೆ ಒತ್ತಾಯ ಮಾಡಲಿಲ್ಲ. ದಸರಾ ಮುಗಿಯಲಿ, ವರ್ಷದ ಕಾರ್ಯ ಆಗಲಿ, ಆಮೇಲೆ ಸಮಾಧಾನದಿಂದ ಹೇಳಿದರೆ ಒಪ್ಪಿಯಾಳು ಎಂದುಕೊಂಡು ಸುಮ್ಮನಾದ. ನಮ್ಮ ಎಲ್ಲ ಕೆಲಸಗಳೂ ದಸರಾ ಆದ ಮೇಲೆ, ಇಲ್ಲವೇ ಯುಗಾದಿ ಆದ ಮೇಲೆ. ಈ ಸುಡುಗಾಡು ಆಮೇಲೆ ಎಂಬುದೊಂದು ಇಲ್ಲದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ದಸರಾ ಬಂತು. ಕಬ್ಬು ನುರಿಸುವ ಹಂಗಾಮು ಹತ್ತಿರ ಬಂದದ್ದರಿಂದ ಕಾರ್ಖಾನೆಗಳವರು ಬಿಡಿಭಾಗಗಳಿಗೆ ಪ್ರಾಣ ಹಿಂಡುತ್ತಿದ್ದರು. ಇನ್ನೊಂದು ಮರಿ ಬೇಕೇ ಬೇಕೆಂದು ಪ್ರೇಮಕುಮಾರ ಯಂತ್ರಗಳಿಗೆ ಹೇಳಿದ್ದ. ಮೈ ಸಿದ್ಧವಾಗಿ ನಿಂತಿತ್ತು. ಬೋರ್ಡು ಬಂದಿರಲಿಲ್ಲ. ಹಬ್ಬದ ಗದ್ದಲದಲ್ಲಿ ಪಾರ್ಸಲ್ಲು ಎಲ್ಲಿ ಸಿಕ್ಕಿಕೊಂಡಿತ್ತೋ ಯಾರಿಗೆ ಗೊತ್ತು. ಕೈಕಾಲು ಎಲ್ಲ ಇದ್ದು ಜೀವವಿಲ್ಲದ ಆ ಮೈ ದೊಡ್ಡಾಕಿಯ ಎದುರು ಗೋಡೆಗೆ ಒರಗಿತ್ತು.

ಖಂಡೇನವಮಿಯ ದಿನ ಪ್ರೇಮಕುಮಾರ ಹಬ್ಬಕ್ಕೆ ಊರಿಗೆ ಹೊರಡುವ ಮೊದಲು ಗುರುಬಸವ್ವನಿಗೆ ಹೇಳಿದ. "ಕಾಕೂ, ವಿಭೂತಿ ಹಚ್ಚ್ರಿ, ಹೂ ಏರಸ್ರಿ, ಎಲ್ಲಾ ಮಾಡ್ರಿ. ಖರೆ ಕೆಲಸ ನಿಂದ್ರಸೂದು ಬ್ಯಾಡ. ಈ ವರ್ಷ ಪುರಸೊತ್ತಿಲ್ಲ. ಅವು ದುಡಕೋತ ಇರಲಿ."

"ಮರಿ ದುಡೀಲಿ ಬಿಡು. ಅವಕೇನ ತಿಳೀತೈತಿ," ಎಂದಳು. ದೊಡ್ಡಾಕಿಯ ಮಾತು ತೆಗೆಯಲಿಲ್ಲ. ಬೈಕು ಹೋದ ಸದ್ದು ಕೇಳಿ, ಹಿತ್ತಾಳೆಯ ತಟ್ಟೆ ಹಿಡಿದು ಒಳಗೆ ಬಂದಳು. ಮರಿಗಳ ಹಣೆಗೆ, ಅಂದರೆ ಕ್ಯಾಮೆರಾದ ಮೇಲಿನ ತಗಡಿಗೆ, ಮೂರು ಬೆರಳ ವಿಭೂತಿ ಎಳೆದಳು. ಅವು ದುಡಿಯುತ್ತಲೇ ಎಳೆಸಿಕೊಂಡವು. ಗೋಡೆಗೊರಗಿದ್ದ ಜೀವವಿಲ್ಲದ ಮೈಗೂ ಎಳೆದಳು. ಕೊನೆಗೆ ದೊಡ್ಡಾಕಿಯ ಮುಂದೆ ಬಂದು ನಿಂತಳು.

"ಇವತ್ತ ನೀ ಕೆಲಸ ಮಾಡೂ ಹಂಗಿಲ್ಲವಾ. ಕೈ ಇಳಿಸು."

"ಗಾಲಿ ಅರ್ಧಾ ಆಗೇತಿ ಬೇ. ಇಷ್ಟ ಮುಗಿಸಿಬಿಡ್ತೀನಿ."

ಗುರುಬಸವ್ವ ತಟ್ಟೆ ಕೆಳಗಿಟ್ಟಳು. ಹಿಂದಿನ ವರ್ಷ ಇದೇ ದಿನ, ಹೊಸ್ತಿಲ ಮೇಲೆ ನಿಂತು ಮಗಳು ಆಡಿದ ಮಾತು ಹೆಚ್ಚು ಕಡಿಮೆ ಇದೇ. ಆ ದಿನ ತಾನು ಬೈಕಿನ ಕೀಲಿ ಕಸಿದುಕೊಂಡಿದ್ದರೆ? ಬಾಗಿಲಿಗೆ ಅಡ್ಡ ಮಲಗಿದ್ದರೆ? ವರ್ಷವಿಡೀ ಆಕೆ ಕೇಳಿಕೊಂಡದ್ದು ಇದನ್ನೇ. ಈಗ ಮತ್ತೆ ಅದೇ ಮಾತು ಕಿವಿಗೆ ಬಿದ್ದಾಗ, ಈ ಸಲ ಮಾತ್ರ ಬಿಡಲಾರೆ ಎಂದು ಹಲ್ಲು ಕಚ್ಚಿದಳು.

"ಇಷ್ಟಿಲ್ಲ, ಅಷ್ಟಿಲ್ಲ. ಇಳಿಸು ಅಂದ್ರ ಇಳಿಸು."

ದೊಡ್ಡಾಕಿ ಗಾಲಿಯನ್ನು ಕೆಳಗಿಟ್ಟು ಕೈ ಇಳಿಸಿತು. ಅವ್ವ ಹೇಳಿದ್ದನ್ನು ಕೇಳಬೇಕು ಎಂದು ದಾನೇಶ್ವರಿಯೇ ಅದಕ್ಕೆ ಹೇಳಿಟ್ಟಿದ್ದಳು. ತಾನು ಮಾತ್ರ ಎಂದೂ ಕೇಳಿದವಳಲ್ಲ.

"ಬೇ ಯವ್ವಾ, ನಾ ಕುಂದ್ರೂದು ಛಲೋ ಅಲ್ಲ," ಎಂದಿತು ದೊಡ್ಡಾಕಿ. "ಕುಂತ್ರ ನಾ ಉಳ್ಯಾಂಗಿಲ್ಲ ನೋಡು."

ಗುರುಬಸವ್ವ ನಕ್ಕುಬಿಟ್ಟಳು. ಇದೂ ಮಗಳದೇ ಚಾಳಿ. ಜ್ವರ ಬಂದಾಗ ಮಲಗು ಎಂದರೆ, ಮಲಗಿದರೆ ಸತ್ತೇ ಹೋಗುತ್ತೇನೆ ಎನ್ನುವಳು. ಕೆಲಸ ಬಿಟ್ಟರೆ ಉಸಿರು ಕಟ್ಟುತ್ತದೆ ಎನ್ನುವಳು. ಅವಳ ಬಾಯಿಂದ ಇಂಥ ಮಾತು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಯಾರು ಅದನ್ನು ಮನಸ್ಸಿಗೆ ಹಚ್ಚಿಕೊಂಡಾರು?

"ಖರೇನ ಹೇಳ್ತೀನಿ ಬೇ. ಬೋರ್ಡ ಬಂದಿಲ್ಲ. ಉಳದಾವು..."

"ಬಾಯಿ ಮುಚ್ಚು!" ಗುರುಬಸವ್ವ ಬೆರಳೆತ್ತಿ ಗದರಿದಳು. "ಹಬ್ಬದ ದಿನ ಸಾಯೂ ಮಾತ ಆಡ್ತಾರೇನ? ಇವತ್ತ ಕೆಲಸದ ಮಾತ ಒಂದೂ ಆಡಬ್ಯಾಡ. ಯಾರ ಕೇಳಿದ್ರೂ ಆಡಬ್ಯಾಡ. ಸುಮ್ನ ಕುಂದ್ರು. ನಾ ಅದೀನಲ್ಲ?"

ಹಬ್ಬದ ದಿನ ಕೆಟ್ಟ ಮಾತು ಬಾಯಲ್ಲಿ ಬರಬಾರದು. ನಮ್ಮಲ್ಲಿ ಮಕ್ಕಳಿಗೆ ಮಾತು ಕಲಿಸುವಾಗಲೇ ಕಲಿಸುವ ಪಾಠ ಅದು. ದೊಡ್ಡಾಕಿ ಸುಮ್ಮನಾಯಿತು. ಆಕೆ ಅದರ ಮೈಯನ್ನೆಲ್ಲ ಹಸಿ ಬಟ್ಟೆಯಿಂದ ಒರೆಸಿದಳು. ಕೀಲು ಕೀಲಿನಲ್ಲಿ ಕೂತಿದ್ದ ಕಬ್ಬಿಣದ ಪುಡಿ ತೆಗೆದಳು. ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಮುಂದೆ ಹೋಳಿಗೆ ಇಟ್ಟಳು. ಆಮೇಲೆ ಕುರ್ಚಿ ಎಳೆದುಕೊಂಡು ಇಡೀ ದಿನ ಅಲ್ಲೇ ಕುಳಿತಳು. ಮಗಳು ದಾನವ್ವ ಹುಟ್ಟಿದ ದಿನ ಹೊಳೆಗೆ ನೀರು ಬಂದದ್ದು, ಮೊದಲ ಸಲ ನಡೆದು ಮಗ್ಗದ ಕುಣಿಗೆ ಬಿದ್ದದ್ದು, ಜಮಖಂಡಿಯಲ್ಲಿ ಕಳೆದುಹೋಗಿ ಬಳೆಗಾರನ ಅಂಗಡಿಯಲ್ಲಿ ಸಿಕ್ಕದ್ದು, ಎಲ್ಲ ಹೇಳಿದಳು. ದೊಡ್ಡಾಕಿ ನಡುನಡುವೆ "ಹೌದ ಬೇ" ಎಂದಿತು. ಒಮ್ಮೆ ಮಾತ್ರ, ಆಕೆ ಸುಮ್ಮನಿದ್ದಾಗ, ತಾನಾಗಿ ಅಂದಿತು:

"ಅವ್ವ ಬಾಜೂಕ ಕುಂತ್ರ ಕೆಲಸದ ನೆಪ್ಪ ಹೋಗಿಬಿಡ್ತೈತಿ. ಅದಕ ನಾ ಮನ್ಯಾಗ ಕುಂದ್ರೂದಿಲ್ಲ."

ಮಗಳು ಯಾವ ದಿನ ಯಾವ ಹೊತ್ತಿನಲ್ಲಿ ಅಂದಿದ್ದ ಮಾತೋ. ಗುರುಬಸವ್ವ ಅದರ ತಣ್ಣನೆಯ ಕಬ್ಬಿಣದ ಕೈ ಹಿಡಿದುಕೊಂಡಳು. ವರ್ಷದಲ್ಲಿ ಮೊದಲ ಸಲ ಆಕೆಗೆ ಎದೆ ಹಗುರವಾದಂತೆ ಅನ್ನಿಸಿತು. ಮಗಳನ್ನು ಈ ದಿನ ಹೊರಗೆ ಹೋಗಗೊಡದೆ ಕೂರಿಸಿಕೊಂಡೆ ಎಂದು ಅನ್ನಿಸಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶೆಡ್ಡಿನಲ್ಲಿ ಯಂತ್ರಗಳ ಮಾತುಕತೆ ನಡೆಯುವುದು ರೂಢಿ. ಇವತ್ತು ಏನಾಯಿತು, ನಾಳೆ ಏನು ಆಗಬೇಕು ಎಂದು ಒಂದೊಂದೇ ಹೇಳುತ್ತವೆ. ಮರಿಗಳು ತಮ್ಮ ತಮ್ಮದು ಹೇಳಿದವು. ಆಮೇಲೆ ಬಾಗಿಲ ಕಡೆಯ ಮರಿ ಕೇಳಿತು: "ದೊಡ್ಡಾಕಿ, ಇವತ್ತ ಏನ ಮಾಡಿದಿ?"

ದೊಡ್ಡಾಕಿ ಮಾತಾಡಲಿಲ್ಲ. ಯಾರು ಕೇಳಿದರೂ ಕೆಲಸದ ಮಾತು ಆಡಬೇಡ ಎಂದು ಅದಕ್ಕೆ ಹೇಳಿಯಾಗಿತ್ತು.

ಮರಿ ಮತ್ತೆ ಕೇಳಿತು. ಗುರುಬಸವ್ವನಿಗೆ ಸಿಟ್ಟು ಬಂತು. ಹಬ್ಬದ ದಿನವೂ ಬೆನ್ನು ಹತ್ತಿದರೆ ಹೇಗೆ?

"ಆಕಿ ಇವತ್ತ ಏನೂ ಮಾಡಿಲ್ಲ," ಎಂದಳು ಗಟ್ಟಿಯಾಗಿ, ಮಗಳ ಪರ ವಹಿಸಿ ಮಾತಾಡುವ ತಾಯಿಯ ಗತ್ತಿನಲ್ಲಿ. "ದುಡಿಯಾಂಗಿಲ್ಲ ಆಕಿ. ಕುಂತಾಳ. ಏನ ಈಗ?"

"ಆತ್ರಿ," ಎಂದಿತು ಮರಿ.

ಗುರುಬಸವ್ವ ದೊಡ್ಡಾಕಿಯ ಹಣೆ ಸವರಿ, ನಾಳೆ ಬನ್ನಿ ತರುತ್ತೇನೆ ಎಂದು ಹೇಳಿ ಹೊರಟಳು. ಕ್ಯಾಮೆರಾ ಆಕೆಯ ಹಿಂದೆಯೇ ಬಾಗಿಲ ತನಕ ತಿರುಗಿತು. "ಹೋಗಿ ಬಾ ಬೇ. ಉಣ್ಣು," ಎಂದಿತು. ಮನೆಗೆ ಹೋಗಿ ಆಕೆ ಹೊಟ್ಟೆ ತುಂಬ ಉಂಡಳು, ಮಲಗಿದ ಕೂಡಲೇ ಕಣ್ಣು ಹತ್ತಿತು.

ಮರುದಿನ ಬನ್ನಿ ಮುಡಿಯುವ ಹಬ್ಬ. ಗಿಡದ ಕಡೆ ಹೋಗಿ, ಒಂದು ಹಿಡಿ ಬನ್ನಿ ಎಲೆ ಸೆರಗಿನಲ್ಲಿ ಕಟ್ಟಿಕೊಂಡು, ಯಾರಿಗೂ ಕೊಡುವ ಮೊದಲು ದೊಡ್ಡಾಕಿಗೆ ಕೊಡಬೇಕೆಂದು ಗುರುಬಸವ್ವ ನೆಟ್ಟಗೆ ಶೆಡ್ಡಿಗೆ ಬಂದಳು. ಒಳಗೆ ಕಾಲಿಟ್ಟಳು. ಯಾರೂ ಉಂಡೆಯಾ ಎಂದು ಕೇಳಲಿಲ್ಲ.

ಬಾಗಿಲ ಬಲಕ್ಕಿನ ಜಾಗ ಖಾಲಿ ಇತ್ತು. ಗುಡಿಸಿ ಚೊಕ್ಕ ಮಾಡಿದ್ದರು. ಚೆಂಡುಹೂವಿನ ಮಾಲೆ ಒಂದು ಎಸಳೂ ಉದುರದಂತೆ ಗೋಡೆಯ ಮೊಳೆಗೆ ಜೋತುಬಿದ್ದಿತ್ತು. ಕೆಳಗೆ ತಿರುಪು ಒಂದು ಕಡೆ, ಕೀಲು ಒಂದು ಕಡೆ, ತಂತಿಯ ಸುರುಳಿ ಒಂದು ಕಡೆ, ಎಲ್ಲ ಅಳತೆಗೆ ತಕ್ಕಂತೆ ಸಾಲಾಗಿ ಇದ್ದವು. ನಿನ್ನೆ ಆಕೆ ಹಿಡಿದುಕೊಂಡಿದ್ದ ಕೈ ಗುಜರಿಯ ಗುಂಪಿನಲ್ಲಿ ಭಟ್ಟಿಯ ಸರದಿ ಕಾಯುತ್ತಿತ್ತು. ವಿಭೂತಿ ಹಚ್ಚಿದ ತಗಡೂ ಅಲ್ಲೇ ಇತ್ತು. ಎದುರಿಗೆ, ಗೋಡೆಗೊರಗಿದ್ದ ಹೊಸ ಮೈ ನೆಟ್ಟಗೆ ನಿಂತು ಗಾಲಿ ಕೊರೆಯುತ್ತಿತ್ತು.

"ದೊಡ್ಡಾಕಿ ಎಲ್ಲಿ?" ಗುರುಬಸವ್ವ ಖಾಲಿ ಜಾಗದ ಕಡೆ ಕೈ ತೋರಿಸಿ ಕೇಳಿದಳು. ಮತ್ತೆ ಕೇಳಿದಳು. "ಎಲ್ಲಿ ಆಕಿ?"

ಬಾಗಿಲ ಕಡೆಯ ಮರಿ ಉತ್ತರ ಹೇಳಿತು. ಬೋರ್ಡು ಬಂದಿರಲಿಲ್ಲರಿ. ದುಡಿಯದ ಯಂತ್ರ ಒಂದು ಇತ್ತರಿ. ಅದನ್ನು ಬಿಚ್ಚಿ, ಬೋರ್ಡು ಒರೆಸಿ, ಹೊಸದಕ್ಕೆ ಹಾಕಿ ಕೆಲಸ ಕಲಿಸಿದೆವರಿ. ಈಗ ಕೆಲಸ ನಡೆದಿದೆರಿ. ಬೆಳೆಗೆ ನೀರು ಬಿಟ್ಟೆ ಎಂದು ಹೇಳುವ ಆಳಿನಷ್ಟು ಸಹಜವಾಗಿ ಹೇಳಿತು.

"ಯಾರ ಹೇಳಿದ್ರು ನಿಮಗ ಬಿಚ್ಚಾಕ?"

"ದಾನೇಶ್ವರಿ ಅವರು ಹೇಳಿಟ್ಟಾರ್ರಿ. 'ನಿಂತ ಮಗ್ಗದ ಸಾಮಾನ ಬಿಚ್ಚಿ, ನಡ್ಯೂ ಮಗ್ಗಕ್ಕ ಹಾಕ್ರಿ. ನಮ್ಮವ್ವ ಹಂಗ ಮಾಡ್ತಿದ್ಲು' ಅಂತ. ದೊಡ್ಡಾಕಿ ದುಡಿಯಾಂಗಿಲ್ಲ ಅಂತ ನಿನ್ನಿ ನೀವ ಹೇಳಿದ್ರಿ."

ಗುರುಬಸವ್ವ ನೆಲದ ಮೇಲೆ ಕುಳಿತಳು. ಹೌದು, ಹಾಗೇ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯ ಮಗ್ಗಗಳು ಒಂದೊಂದಾಗಿ ನಿಂತಾಗ, ನಿಂತದ್ದರ ಮೈಯಿಂದ ಕಿತ್ತು ನಡೆಯುವುದಕ್ಕೆ ಹಾಕಿ, ಮಗಳನ್ನು ಓದಿಸಿದ್ದಳು. ಚಿಕ್ಕ ದಾನವ್ವ ದೀಪ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ಎಷ್ಟು ಚೆನ್ನಾಗಿ ಕಲಿತಿದ್ದಳು ಮಗಳು! ತಾಯಿಯಿಂದ ಮಗಳಿಗೆ, ಮಗಳಿಂದ ದೊಡ್ಡಾಕಿಗೆ, ದೊಡ್ಡಾಕಿಯಿಂದ ಮರಿಗಳಿಗೆ. ಬೇರೆ ಯಾವ ಮಾತೂ ದಾಟಿಹೋಗದ ಕಡೆ ಈ ಮಾತೊಂದು ಒಂದಕ್ಷರ ಹಾಳಾಗದೆ ದಾಟಿಹೋಗಿತ್ತು.

ಬಾಯಿ ಬಿಟ್ಟು ಹೇಳಿತ್ತಲ್ಲ ಅದು. ಕುಂತರೆ ಉಳಿಯುವುದಿಲ್ಲ ಎಂದು ಹೇಳಿತ್ತಲ್ಲ. ತಾನೇ ಬಾಯಿ ಮುಚ್ಚಿಸಿದೆ. ಹೊರಗೆ ಹೋಗಬೇಡ ಎಂದಾಗ ಮಗಳು ಕೇಳಲಿಲ್ಲ, ಸತ್ತಳು. ಕೂರು ಎಂದಾಗ ಇದು ಕೇಳಿತು, ಇದೂ ಹೋಯಿತು. ಗುರುಬಸವ್ವ ನೆಲಕ್ಕೆ ಹಣೆ ಬಡಿದುಕೊಂಡು ಅತ್ತಳು. ಮಗಳು ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಮರಿಗಳು ದುಡಿಯುತ್ತಲೇ ಇದ್ದವು. ಒಂದು ಮಾತ್ರ ಕೈ ತಡೆದು, "ಏನ ಮಾಡಬೇಕ್ರಿ?" ಎಂದು ಕೇಳಿ, ಉತ್ತರ ಬಾರದ್ದರಿಂದ ಮತ್ತೆ ತನ್ನ ಕೆಲಸಕ್ಕೆ ತೊಡಗಿತು.

ಮಧ್ಯಾಹ್ನ ಬನ್ನಿ ಕೊಡಲು ಬಂದ ಪ್ರೇಮಕುಮಾರ ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತು ನಿಂತ. ಸ್ನೇಹಾಗೆ ಫೋನು ಹಚ್ಚಿದ, ಅವಳು ಹೇಳಿದಂತೆ ಹೊಸ ಮರಿಯನ್ನು ಏನೇನೋ ಕೇಳಿದ, ಒಳಗೆ ಹುಡುಕಿಸಿದ. ಒರೆಸಿದ ಬೋರ್ಡಿನ ಮೇಲೆ ಹೊಸದಾಗಿ ಬರೆದಾಗಿತ್ತು. ಹಳೆಯದರ ಸುಳಿವೂ ಇರಲಿಲ್ಲ. ಫೋನಿನ ಆ ಕಡೆಯಿಂದ ಸ್ನೇಹಾ ಸಾರಿ ಎಂದು ಇಟ್ಟುಬಿಟ್ಟಳು.

"ತಪ್ಪ ನಂದು ಕಾಕೂ," ಎಂದ ಪ್ರೇಮಕುಮಾರ, ಆಕೆಯ ಕಾಲ ಬಳಿ ಕುಳಿತು. "ಆಕಿ ಹೇಳಿಟ್ಟದ್ದ ನನಗ ಗೊತ್ತಿತ್ತು. ನೀವು ದೊಡ್ಡಾಕಿನ್ನ ಕುಂದರಸ್ತೀರಿ ಅಂತ ನೆನಪಿಗೇ ಬರಲಿಲ್ಲ."

ಆಕೆ ಅವನ ತಲೆಯ ಮೇಲೆ ಕೈ ಇಟ್ಟಳು. ಅವನಿಗೆ ಸುಮ್ಮನಿರಲಾಗಲಿಲ್ಲ. ಕಣ್ಣೊರೆಸಿಕೊಂಡು ಅಂದ: "ಬೋರ್ಡ ಅದ ಐತ್ರಿ ಕಾಕೂ. ಈ ಮರಿಯೊಳಗ ಇರೂದು ಆಕೀ ಬೋರ್ಡ. ನೀವ ಕಲಸ್ರಿ. ಆಕಿ ಹ್ಯಾಂಗ ಮಾತಾಡ್ತಿದ್ಲು, ಏನೇನ ಅಂತಿದ್ಲು, ಎಲ್ಲಾ ಹೇಳ್ರಿ. ಸ್ವಲ್ಪ ದಿನದಾಗ ಹಂಗ ಮಾತಾಡಾಕ ಹತ್ತತೈತಿ."

ಮುಳುಗುವವರು ಏನು ಸಿಕ್ಕರೂ ಹಿಡಿಯುತ್ತಾರೆ. ಗುರುಬಸವ್ವ ಎದ್ದು ಹೊಸ ಮರಿಯ ಮುಂದೆ ನಿಂತಳು.

"ನಾ ಬಂದಾಗ, ಉಂಡೀ ಏನ ಬೇ ಯವ್ವಾ ಅಂತ ಕೇಳು."

"ಉಂಡೀ ಏನ ಬೇ ಯವ್ವಾ?" ಎಂದಿತು ಮರಿ.

ಅದೇ ಸಪ್ಪೆ ದನಿ. ಅದೇ ಮಾತು. ಅಕ್ಷರ ಕೂಡ ಹೆಚ್ಚುಕಡಿಮೆ ಇಲ್ಲ. ಗುರುಬಸವ್ವ ಕಾದಳು. ಸುಳ್ಳು ಹೇಳಬೇಡ ಎಂದು ಗದರಬೇಕಿತ್ತು, ಗದರಲಿಲ್ಲ. ಗದರು ಎಂದು ಕಲಿಸಿದರೆ ಗದರೀತು. ನೋಡು ಎಂದು ಸೇರಿಸು ಎಂದರೆ ಸೇರಿಸೀತು. ಪುಂಡಿಪಲ್ಯದ ಸುದ್ದಿಯನ್ನೂ ಹೇಳಿಕೊಟ್ಟರೆ ಹೇಳೀತು. ಆದರೆ ತಾನು ಅರಿಯದ ಒಂದು ಮಾತನ್ನು ಅದು ಎಲ್ಲಿಂದ ತಂದೀತು? ಮಗಳು ಇನ್ನು ಏನನ್ನೂ ಹೊಸದಾಗಿ ಹೇಳುವುದಿಲ್ಲ. ತಾನು ಹಾಕಿದ್ದನ್ನೇ ತಾನು ತೆಗೆದುಕೊಂಡು ಬದುಕಬೇಕು.

"ಬ್ಯಾಡ ತಮ್ಮಾ," ಎಂದಳು. "ನನ್ನ ಮಾತ ನನಗ ತಿರಗಿ ಹೇಳಿದ್ರ, ಅದರಾಗ ಆಕಿ ಎಲ್ಲಿ ಬಂದ್ಲು?"

ಸೆರಗಿನ ಗಂಟು ಬಿಚ್ಚಿದಳು. ಬಾಡಿದ್ದ ಬನ್ನಿ ಎಲೆಗಳನ್ನು ಏನು ಮಾಡಬೇಕೆಂದು ತಿಳಿಯದೆ, ಹೇಗೂ ತಂದಾಗಿದೆ ಎಂದು, ಹೊಸ ಮರಿಯ ಕಬ್ಬಿಣದ ಅಂಗೈಯಲ್ಲಿ ಇಟ್ಟಳು. ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಹೇಳಿ ಕೊಡುವುದು ರೂಢಿ, ಆಕೆ ಹಾಗೇ ಇಟ್ಟಳು. ಮರಿ ಗಾಲಿ ಕೊರೆಯುವುದನ್ನು ನಿಲ್ಲಿಸಿ, ಕಣ್ಣು ತಗ್ಗಿಸಿ ಎಲೆಗಳನ್ನು ನೋಡಿತು.

"ಇದರಿಂದ ಏನ ಮಾಡಬೇಕ್ರಿ?"

"ಏನೂ ಮಾಡಬ್ಯಾಡ," ಎಂದಳು ಗುರುಬಸವ್ವ. "ಸುಮ್ನ ಇರು."

ಮರಿ ಕೈ ಇಳಿಸಿತು. ಕೈ ಇಳಿದದ್ದನ್ನು ಕಂಡದ್ದೇ ತಡ, ಆಕೆ ಬಾಗಿಲ ಕಡೆ ನೋಡಿದಳು. ಬಾಗಿಲ ಕಡೆಯ ಮರಿ ಆಗಲೇ ಕಣ್ಣನ್ನು ಈ ಕಡೆ ಹೊರಳಿಸಿತ್ತು. ಒಳಗಿದ್ದದ್ದು ಒರೆಸಿದ ಬೋರ್ಡಾದರೂ ಮಗಳು ಕೈಯಿಂದ ಮುಟ್ಟಿದ್ದ ಬೋರ್ಡು. ಗುರುಬಸವ್ವ ಮುನ್ನುಗ್ಗಿ, ಎಲೆಗಳನ್ನು ನೆಲಕ್ಕೆ ಕೊಡವಿ, ಮರಿಯ ಕೈಯನ್ನು ತನ್ನ ಎರಡೂ ಕೈಗಳಿಂದ ಎತ್ತಿ ಗಾಲಿಯ ಮೇಲೆ ಇಟ್ಟಳು.

"ಇಲ್ಲ, ಇಲ್ಲ, ಮಾಡು. ಏನರ ಮಾಡು. ಕುಂದ್ರಬ್ಯಾಡ ನನ್ನವ್ವಾ, ಒಟ್ಟ ಕುಂದ್ರಬ್ಯಾಡ. ದುಡಿ."

"ಆತ್ರಿ," ಎಂದು ಮರಿ ಗಾಲಿ ಕೊರೆಯತೊಡಗಿತು. ಗುರುಬಸವ್ವ ಕತ್ತಲಾಗುವ ತನಕ ಅದರ ಪಕ್ಕದಲ್ಲೇ ನಿಂತಿದ್ದು, ಅದರ ಕೈ ನಿಲ್ಲದಂತೆ ನೋಡಿಕೊಂಡಳು.